ಪ್ರೊಸೆಸ್ ಒಂದು ಕಡೆ, ರೂಲ್ಸ್ ಇನ್ನೊಂದು ಕಡೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ವರ್ಕ್‌ಫ್ಲೋ ಸಾಫ್ಟ್‌ವೇರ್ ಬಗ್ಗೆ ಏನಾದರೂ ಕೇಳುವುದಿದ್ದರೆ ಕೇಳಿ ಅಂದಿದ್ದೆವು. ಪುಣೆ, ಮುಂಬೈ, ಗೋವಾದಿಂದ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ತಲೆನೋವು: ಕೆಲಸದ ಹರಿವು ಒಂದು ಸಾಫ್ಟ್‌ವೇರ್‌ನಲ್ಲಿ, ನಿಯಮಗಳು ಹೊರಗಿನ ಇನ್ನೊಂದು ಎಂಜಿನ್‌ನಲ್ಲಿ, ಎರಡನ್ನೂ ಜೋಡಿಸೋದು ಹೇಗೆ? ನಾಲ್ಕನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ (ಪುಣೆಯ ಖರಾಡಿಯಿಂದ): ನಮ್ಮದು ಗೃಹಸಾಲ ಕೊಡುವ ಕಂಪನಿ. ಅರ್ಜಿಯ ಹರಿವು ಕಮುಂಡಾ 7 ಅನ್ನುವ ವರ್ಕ್‌ಫ್ಲೋ ಸಾಫ್ಟ್‌ವೇರ್‌ನಲ್ಲಿದೆ. ಸಾಲ ಕೊಡಬೇಕೋ ಬೇಡವೋ ಅನ್ನುವ ರೂಲ್ಸ್ ‘ಡ್ರೂಲ್ಸ್’ ಹೆಸರಿನ ರೂಲ್ಸ್ ಎಂಜಿನ್‌ನಲ್ಲಿದೆ, ಅದನ್ನು ಬೇರೆ ಟೀಮ್ ನೋಡಿಕೊಳ್ಳುತ್ತದೆ. ಜಾವಾ ಡೆಲಿಗೇಟ್ (ಕಮುಂಡಾ ಒಳಗೇ ಓಡುವ ನಮ್ಮ ಕೋಡ್) ಬರೆದು ಡ್ರೂಲ್ಸನ್ನು ನೇರ ಕರೆಯಿರಿ ಅಂತಾರೆ ನಮ್ಮ ಲೀಡ್. ಎಕ್ಸ್‌ಟರ್ನಲ್ ಟಾಸ್ಕ್ (ಹೊರಗಿನ ಪ್ರೋಗ್ರಾಂ ಬಂದು ಎತ್ತಿಕೊಳ್ಳುವ ಕೆಲಸ) ಮಾಡೋಣ ಅಂತಾನೆ ಜೊತೆಗಾರ. ಯಾರ ಮಾತು ಕೇಳಲಿ?

ಉತ್ತರ: ಜೊತೆಗಾರನ ಮಾತು ಕೇಳಿ. ಲೀಡ್ ಹೇಳಿದ್ದು ತಪ್ಪೇನಲ್ಲ, ಅರ್ಧ ದಿನದ ಕೆಲಸ, ಡೆಮೋದಲ್ಲಿ ಚೆನ್ನಾಗಿ ಓಡುತ್ತದೆ. ತೊಂದರೆ ಶುರುವಾಗೋದು ಡ್ರೂಲ್ಸ್ ಸರ್ವರ್ ಉತ್ತರ ಕೊಡದ ದಿನ.

ಡೆಲಿಗೇಟ್ ಓಡುವುದು ಕಮುಂಡಾ ಎಂಜಿನ್‌ನ ಥ್ರೆಡ್‌ನಲ್ಲೇ, ಅದೇ ಡೇಟಾಬೇಸ್ ಟ್ರಾನ್ಸಾಕ್ಷನ್ ಒಳಗೆ, ಅಂದರೆ ಒಂದು ಕೆಟ್ಟರೂ ಎಲ್ಲ ರದ್ದಾಗುವ ಒಂದೇ ಗಂಟಿನೊಳಗೆ. ನಿಮ್ಮ ಬ್ರಾಂಚ್ ಸಿಬ್ಬಂದಿ ಫಾರಂ ತುಂಬಿ ಸಬ್ಮಿಟ್ ಒತ್ತುತ್ತಾರೆ, ಎಂಜಿನ್ ಮುಂದಕ್ಕೆ ಹೋಗಿ ಡ್ರೂಲ್ಸ್ ಕರೆಯುತ್ತದೆ, ಅದು ಮೂವತ್ತು ಸೆಕೆಂಡ್ ಸುಮ್ನೆ ಕೂರುತ್ತದೆ, ಟೈಮೌಟ್ ಆಗುತ್ತದೆ, ಎಲ್ಲವೂ ರದ್ದಾಗಿ ಹಿಂದಿನ ನಿಲ್ದಾಣಕ್ಕೆ ವಾಪಸ್, ಅಂದರೆ ರೋಲ್‌ಬ್ಯಾಕ್. ಅವರಿಗೆ ಕಾಣೋದು ಕೆಂಪು ಎರರ್ ಮತ್ತು ಇನ್ನೂ ಮುಗಿಯದ ಅದೇ ಟಾಸ್ಕ್. ಮತ್ತೆ ಒತ್ತುತ್ತಾರೆ. ಡ್ರೂಲ್ಸ್ ಕರೆಯುವ ಟಾಸ್ಕ್‌ಗೆ ‘ಅಸಿಂಕ್ ಬಿಫೋರ್’ ಅನ್ನುವ ಸೆಟ್ಟಿಂಗ್ ಹಾಕಿದರೆ ಈ ಗೋಳು ತಪ್ಪುತ್ತದೆ. ಆಗ ಫಾರಂ ಉಳಿಯುತ್ತದೆ, ಕರೆಯನ್ನು ಹಿನ್ನೆಲೆಯಲ್ಲಿ ಕಮುಂಡಾದ್ದೇ ಜಾಬ್ ಎಕ್ಸಿಕ್ಯೂಟರ್ ಮಾಡುತ್ತದೆ. ಸೆಟ್ಟಿಂಗ್ ಮುಟ್ಟದಿದ್ದರೆ ಮೂರು ಸಲ ಪ್ರಯತ್ನಿಸಿ, ಆಗದಿದ್ದರೆ ಇನ್ಸಿಡೆಂಟ್, ಅಂದರೆ ಯಾರಾದರೂ ಬಂದು ನೋಡಬೇಕಾದ ದೂರು, ಎಬ್ಬಿಸುತ್ತದೆ. ಡೆಲಿಗೇಟ್ ಬಿಡಲಾರೆ ಅನ್ನುವವರು ಕನಿಷ್ಠ ಇಷ್ಟಾದರೂ ಮಾಡಿ.

ಎಕ್ಸ್‌ಟರ್ನಲ್ ಟಾಸ್ಕ್‌ನಲ್ಲಿ ದಿಕ್ಕೇ ಉಲ್ಟಾ. ಎಂಜಿನ್ ಯಾರನ್ನೂ ಕರೆಯುವುದಿಲ್ಲ. ಕೆಲಸವನ್ನು ಒಂದು ಟಾಪಿಕ್ ಹೆಸರಲ್ಲಿ ಇಟ್ಟು ಕಾಯುತ್ತದೆ. ಹೊರಗಿನ ವರ್ಕರ್, ಅಂದರೆ ಬೇರೆಯಾಗಿ ಓಡುವ ಒಂದು ಪ್ರೋಗ್ರಾಂ, ಬಂದು ಕೆಲಸ ಎತ್ತಿಕೊಂಡು, ಇಂತಿಷ್ಟು ಹೊತ್ತು ಅಂತ ಲಾಕ್ ಹಾಕಿ, ಡ್ರೂಲ್ಸ್ ಹತ್ತಿರ ಕೇಳಿ, ಉತ್ತರ ತಂದು ಒಪ್ಪಿಸುತ್ತದೆ. ವರ್ಕರ್ ಮಧ್ಯದಲ್ಲೇ ಸತ್ತರೆ ಲಾಕ್ ಅವಧಿ ಮುಗಿದ ಮೇಲೆ ಇನ್ನೊಂದು ಎತ್ತಿಕೊಳ್ಳುತ್ತದೆ. ಆ ವರ್ಕರ್ ಅನ್ನು ರೂಲ್ಸ್ ಟೀಮೇ ನೋಡಿಕೊಳ್ಳಬಹುದು. ಇದು ಸಣ್ಣ ವಿಷಯ ಅಲ್ಲ. ಯಾರದು ತಪ್ಪು ಅಂತ ಎರಡು ಟೀಮ್ ಕಿತ್ತಾಡುವಾಗ ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗೋದು ಅರ್ಜಿದಾರನೇ, ಅಲ್ವಾ? ಇನ್ನೊಂದು ಕಾರಣವೂ ಇದೆ. ಕಮುಂಡಾ 7ರ ಉಚಿತ ಆವೃತ್ತಿಯ ಕೊನೆಯ ಬಿಡುಗಡೆ 2025ರ ಅಕ್ಟೋಬರ್‌ನಲ್ಲಿ ಆಗಿಹೋಯಿತು. ಕಮುಂಡಾ 8ರಲ್ಲಿ ಹೊರಗಿನ ಕೆಲಸ ನಡೆಯುವುದು ಹೆಚ್ಚುಕಮ್ಮಿ ಇದೇ ವರ್ಕರ್ ಪದ್ಧತಿಯಲ್ಲಿ. ಇವತ್ತು ಹೀಗೆ ಬರೆದರೆ ನಾಳೆ ಕಡಿಮೆ ಅಳಬೇಕಾಗುತ್ತದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಟೈಮೌಟ್‌ಗಿಂತ ಇದು ಅಪಾಯ. ಡ್ರೂಲ್ಸ್‌ನಲ್ಲಿ ಯಾವ ರೂಲೂ ಹೊಂದದಿದ್ದರೆ ಅದು ಎರರ್ ಅಲ್ಲ. ಏನೂ ನಡೆಯುವುದಿಲ್ಲ, ಅಷ್ಟೇ. ನಿಮಗೆ ಸಿಗೋದು ಎಚ್‌ಟಿಟಿಪಿ 200, ಅಂದರೆ ‘ಎಲ್ಲ ಸರಿ’, ಒಳಗೆ ಖಾಲಿ ಉತ್ತರ. ಆಮೇಲೆ ಬರುವ ಗೇಟ್‌ವೇನಲ್ಲಿ, ಅಂದರೆ ದಾರಿ ಕವಲೊಡೆಯುವ ಕಡೆ, ‘ತಿರಸ್ಕಾರ’ಕ್ಕೆ ಒಂದು ಷರತ್ತು, ‘ಪರಿಶೀಲನೆ’ಗೆ ಒಂದು ಷರತ್ತು, ‘ಮಂಜೂರು’ ಡಿಫಾಲ್ಟ್ ಫ್ಲೋ (ಯಾವ ಷರತ್ತೂ ಹೊಂದದಾಗ ಹಿಡಿಯುವ ದಾರಿ) ಅಂತ ಇಟ್ಟಿದ್ದರೆ, ಖಾಲಿ ಉತ್ತರ ಎರಡೂ ಷರತ್ತು ದಾಟಿಕೊಂಡು ಸೀದಾ ಮಂಜೂರಿಗೆ ಹೋಗುತ್ತದೆ. ಲಾಗ್‌ನಲ್ಲಿ ಕೆಂಪು ಗೆರೆ ಒಂದೂ ಇರುವುದಿಲ್ಲ. ಆದ್ದರಿಂದ ಮಂಜೂರಿಗೆ ಸ್ಪಷ್ಟ ಷರತ್ತು ಬರೆಯಿರಿ, ಡಿಫಾಲ್ಟ್ ಗೆರೆ ಮನುಷ್ಯನ ಟೇಬಲ್‌ಗೆ ಹೋಗಲಿ. ಮತ್ತೆ, ತಿರಸ್ಕಾರವನ್ನು ಎರರ್ ಅಂತ ಕಳಿಸಬೇಡಿ. ಅದೂ ಒಂದು ಉತ್ತರವೇ.

ಪ್ರಶ್ನೆ (ಮುಂಬೈಯ ಫೋರ್ಟ್‌ನಿಂದ): ನಾನು ಪ್ರೋಗ್ರಾಮರ್ ಅಲ್ಲ, ಬ್ಯಾಂಕಿನ ಸಾಲ ವಿಭಾಗದಲ್ಲಿದ್ದೇನೆ. ಡಿಎಂಎನ್ ಟೇಬಲ್‌ನಲ್ಲಿ (ನಿಯಮಗಳನ್ನು ಸಾಲು ಸಾಲಾಗಿ ಬರೆಯುವ ನಿರ್ಣಯದ ಕೋಷ್ಟಕ) ರೂಲ್ಸ್ ನೀವೇ ಬರೆಯಿರಿ ಅಂತ ಐಟಿಯವರು ಹೇಳುತ್ತಿದ್ದಾರೆ. ಆಗುತ್ತಾ?

ಉತ್ತರ: ಆಗುತ್ತದೆ. ಡಿಎಂಎನ್ ಬಂದಿದ್ದೇ ಅದಕ್ಕೆ. ಸಾಫ್ಟ್‌ವೇರ್ ಮಾನದಂಡಗಳನ್ನು ರೂಪಿಸುವ ಒಎಂಜಿ ಸಂಸ್ಥೆ ಅದರ ಮೊದಲ ಆವೃತ್ತಿಯನ್ನು 2015ರಲ್ಲಿ ಹೊರತಂದಿತು. ಎಕ್ಸೆಲ್ ಬಂದರೆ ಟೇಬಲ್ ಬರುತ್ತದೆ. ಕಷ್ಟ ಇರೋದು ಅಂಚಿನಲ್ಲಿ.

ನಿಮಗೆ ಗೊತ್ತಿರುವ ಲೆಕ್ಕವನ್ನೇ ತೆಗೆದುಕೊಳ್ಳಿ. ಮನೆ ಸಾಲಕ್ಕೆ ರಿಸರ್ವ್ ಬ್ಯಾಂಕ್ ಹಾಕಿದ ಮಿತಿ: ಸಾಲ 30 ಲಕ್ಷದವರೆಗಿದ್ದರೆ ಆಸ್ತಿ ಬೆಲೆಯ 90%, 30 ದಾಟಿ 75 ಲಕ್ಷದವರೆಗೆ 80%, ಅದಕ್ಕಿಂತ ಜಾಸ್ತಿಗೆ 75%. ಇದನ್ನು ಟೇಬಲ್‌ಗೆ ಇಳಿಸುವಾಗ ಎರಡನೇ ಸಾಲಿನಲ್ಲಿ ‘30ರಿಂದ 75’ ಅಂತ ಎರಡೂ ಕಡೆ ಚೌಕ ಕಂಸ ಹಾಕಿ ಬರೆದುಬಿಡುತ್ತಾರೆ. ಆಗ ಸರಿಯಾಗಿ 30 ಲಕ್ಷ ಕೇಳಿದವನು ಎರಡು ಸಾಲಿಗೂ ಸಿಗುತ್ತಾನೆ. ಅಪರೂಪದ ಕೇಸ್ ಅಂದುಕೊಳ್ಳಬೇಡಿ, ಸಾಲ ಕೇಳುವವರು ಸ್ಲ್ಯಾಬ್ ಅಂಚಿಗೇ ಬಂದು ನಿಲ್ಲುವುದು. 30ರ ಪಕ್ಕ ದುಂಡು ಕಂಸ, 75ರ ಪಕ್ಕ ಚೌಕ ಕಂಸ ಹಾಕಿ. ದುಂಡು ಅಂದರೆ ಆ ಅಂಕಿ ಬಿಟ್ಟು, ಚೌಕ ಅಂದರೆ ಸೇರಿಸಿ.

ಟೇಬಲ್‌ನ ಮೂಲೆಯಲ್ಲಿ ‘ಯು’ ಅಂತಿದ್ದರೆ, ಅಂದರೆ ಯುನಿಕ್, ಇಂಥ ಎರಡು ಸಾಲು ಹೊಂದಿದಾಗ ಎಂಜಿನ್ ಎರರ್ ಕೊಡುತ್ತದೆ. ಆಗ ಯಾರಾದರೂ ಬುದ್ಧಿವಂತರು ಬಂದು ಅದನ್ನು ‘ಎಫ್’ ಮಾಡಿ ಅನ್ನುತ್ತಾರೆ, ಅಂದರೆ ಫಸ್ಟ್, ಮೊದಲು ಹೊಂದಿದ ಸಾಲನ್ನೇ ತೆಗೆದುಕೊಳ್ಳುತ್ತದೆ. ಎರರ್ ಮಾಯವಾಗುತ್ತದೆ, ತಪ್ಪು ಅಲ್ಲೇ ಉಳಿಯುತ್ತದೆ, ಮುಂದೆ ಯಾರೋ ಸಾಲುಗಳನ್ನು ಮೇಲೆ ಕೆಳಗೆ ಮಾಡಿದ ದಿನ ಉತ್ತರವೇ ಬದಲಾಗುತ್ತದೆ. ಒಪ್ಪಬೇಡಿ.

ಇನ್ನೊಂದು, ‘ಆಸ್ತಿ ಬೆಲೆ’ ಅಂತ ಪ್ರೊಸೆಸ್ ಕಳಿಸುವ ಅಂಕಿಯಲ್ಲಿ ಸ್ಟಾಂಪ್ ಡ್ಯೂಟಿ ಸೇರಿದೆಯಾ ಕೇಳಿ. 10 ಲಕ್ಷದೊಳಗಿನ ಮನೆ ಬಿಟ್ಟರೆ ಅದನ್ನು ಬೆಲೆಗೆ ಸೇರಿಸುವಂತಿಲ್ಲ, ಮುಂಬೈಯಲ್ಲಿ ಆ ಬೆಲೆಗೆ ಮನೆ ಎಲ್ಲಿದೆ ಅನ್ನೋದು ಬೇರೆ ಮಾತು. ಟೇಬಲ್ ಎಷ್ಟೇ ಸರಿ ಇದ್ದರೂ ಒಳಗೆ ಬರುವ ಅಂಕಿ ತಪ್ಪಿದ್ದರೆ ಬರುವ ಉತ್ತರವೂ ತಪ್ಪೇ. ಇದನ್ನು ಪ್ರೋಗ್ರಾಮರ್ ಹಿಡಿಯಲಾರ, ನೀವೇ ಹಿಡಿಯಬೇಕು.

ಪ್ರಶ್ನೆ (ಗೋವಾದ ವೆರ್ಣಾದಿಂದ): ಸಣ್ಣ ಕಾರ್ಖಾನೆ. ಖರೀದಿ ಮಂಜೂರಾತಿಗೆ ಇಪ್ಪತ್ತರಷ್ಟು ನಿಯಮಗಳಿವೆ. ವರ್ಷಕ್ಕೊಮ್ಮೆ ಬದಲಾದರೆ ಹೆಚ್ಚು. ರೂಲ್ಸ್ ಎಂಜಿನ್ ಬೇಕಾ?

ಉತ್ತರ: ಬೇಡ. ನಿಮ್ಮ ವರ್ಕ್‌ಫ್ಲೋ ಸಾಫ್ಟ್‌ವೇರ್ ಒಳಗೇ ಡಿಎಂಎನ್ ಇದ್ದರೆ ಒಂದು ಟೇಬಲ್ ಸಾಕು. ಹೊರಗಿನ ಎಂಜಿನ್ ಅಂದರೆ ಇನ್ನೊಂದು ಸರ್ವರ್, ಇನ್ನೊಂದು ಬ್ಯಾಕಪ್, ರಾತ್ರಿ ಬರುವ ಇನ್ನೊಂದು ಫೋನ್. ಒಂದೇ ನಿಯಮವನ್ನು ಮೂರ್ನಾಲ್ಕು ಸಾಫ್ಟ್‌ವೇರ್ ಕೇಳುವಂತಾದಾಗ, ಅಥವಾ ವಾರಕ್ಕೊಮ್ಮೆ ಬದಲಾಗುವಂತಾದಾಗ ನೋಡೋಣ.

ಪ್ರಶ್ನೆ (ಡೊಂಬಿವಲಿಯಿಂದ): ಏಪ್ರಿಲ್ 1ರಿಂದ ಹೊಸ ಶುಲ್ಕದ ರೂಲ್ ಹಾಕಿದ್ದೆವು. ಅವತ್ತು ಬೆಳಗಿನ ಜಾವ ಬಂದ ಆನ್‌ಲೈನ್ ಅರ್ಜಿಗಳಿಗೆ ಹಳೇ ಶುಲ್ಕ ಬಿದ್ದಿದೆ. ಆರು ಗಂಟೆಯ ನಂತರ ತಾನೇ ಸರಿಯಾಯಿತು. ಏನಿದು? ಜೊತೆಗೆ, ಮಾರ್ಚ್‌ನಲ್ಲಿ ಶುರುವಾಗಿ ಏಪ್ರಿಲ್‌ನಲ್ಲಿ ಮುಗಿದ ಅರ್ಜಿಗಳಿಗೆ ಯಾವ ಶುಲ್ಕ ಸರಿ?

ಉತ್ತರ: ‘ತಾನೇ ಸರಿಯಾಯಿತು’ ಅಂದಿರಲ್ಲ, ಸುಳಿವು ಅಲ್ಲೇ ಇದೆ. ರೂಲ್ಸ್ ಸರ್ವರ್‌ನ ಗಡಿಯಾರ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ, ಓಡುತ್ತಿರಬೇಕು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮಗೆ ಏಪ್ರಿಲ್ 1ರ ಮಧ್ಯರಾತ್ರಿ ಆದಾಗ ಅದಕ್ಕೆ ಇನ್ನೂ ಮಾರ್ಚ್ 31ರ ಸಂಜೆ 6:30. ಹೊಸ ರೂಲ್ ಎದ್ದಿದ್ದು ನಮ್ಮ ಬೆಳಿಗ್ಗೆ 5:30ಕ್ಕೆ. ಇಡೀ ದಿನ ತಪ್ಪು ಬಿದ್ದಿದ್ದರೆ ಬೇರೆ ಕಡೆ ಹುಡುಕಬೇಕಿತ್ತು: ಪ್ರೊಸೆಸ್ ಕಡೆಯಿಂದ ದಿನಾಂಕ ಯುಟಿಸಿ ಸಮಯವಾಗಿ ಹೋಗಿ, ಆ ಕಡೆ ಗಂಟೆ ಕತ್ತರಿಸಿ ಬರೀ ‘ಮಾರ್ಚ್ 31’ ಉಳಿದಿರುತ್ತಿತ್ತು.

ಸರ್ವರ್ ಟೈಮ್‌ಝೋನ್ ಬದಲಿಸಿ ಸುಮ್ಮನಾಗಬಹುದು. ನನಗೆ ಅದು ಇಷ್ಟವಿಲ್ಲ, ಮುಂದಿನ ಸಲ ಯಾರೋ ಹೊಸ ಕಂಟೇನರ್ (ಸರ್ವರ್‌ನ ಹೊಸ ಪ್ರತಿ) ಎಬ್ಬಿಸಿದಾಗ ಮತ್ತೆ ಅದೇ ಕಥೆ. ರೂಲ್ಸ್ ಎಂಜಿನ್ ಗಡಿಯಾರ ನೋಡೋದೇ ಬೇಡ. ‘ನಿರ್ಣಯದ ದಿನಾಂಕ’ ಅಂತ ಒಂದು ಫೀಲ್ಡ್ ಮಾಡಿ, ಗಂಟೆ ನಿಮಿಷ ಇಲ್ಲದ ಬರೀ ದಿನಾಂಕ, ಅದನ್ನು ಪ್ರೊಸೆಸ್ ಕಳಿಸಲಿ. ಹೀಗೆ ಮಾಡಿದರೆ ಏಪ್ರಿಲ್ 1 ಹೇಗಿರುತ್ತೆ ಅಂತ ಫೆಬ್ರವರಿಯಲ್ಲೇ ಪರೀಕ್ಷೆ ಮಾಡಿ ನೋಡಬಹುದು.

ಎರಡನೇ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವೂ ಅಲ್ಲ, ನಾನೂ ಅಲ್ಲ. ಅರ್ಜಿ ಹಾಕಿದ ದಿನದ ಶುಲ್ಕವೋ, ನಿರ್ಣಯದ ದಿನದ ಶುಲ್ಕವೋ ಅಂತ ವ್ಯವಹಾರದವರಿಂದ ಬರಹದಲ್ಲಿ ತೆಗೆದುಕೊಳ್ಳಿ. ನಿಮ್ಮ ಕೆಲಸ ಅದನ್ನು ಪಾಲಿಸೋದು. ಕೇಳದೇ ಬಿಟ್ಟರೆ ಸಾಫ್ಟ್‌ವೇರ್ ತಾನೇ ಒಂದನ್ನು ಆರಿಸಿಕೊಳ್ಳುತ್ತದೆ. ಕಮುಂಡಾ 7ನ್ನೇ ನೋಡಿ: ಓಡುತ್ತಿರುವ ಪ್ರೊಸೆಸ್ ತಾನು ಶುರುವಾದ ಹಳೇ ನಕ್ಷೆಯಲ್ಲೇ ಮುಂದುವರಿಯುತ್ತದೆ, ಆದರೆ ಅದು ಕರೆಯುವ ಡಿಎಂಎನ್ ಟೇಬಲ್ ಮಾತ್ರ, ನೀವು ಬೇರೆ ಹೇಳದಿದ್ದರೆ, ಲೇಟೆಸ್ಟ್. ಡ್ರೂಲ್ಸ್‌ನಲ್ಲೂ ರೂಲ್ಸ್ ಪ್ಯಾಕೇಜನ್ನು ‘ಲೇಟೆಸ್ಟ್’ ಅಂತ ಇಟ್ಟು, ಹೊಸ ಆವೃತ್ತಿ ಬಂತಾ ಅಂತ ನೋಡುತ್ತಿರುವ ಸ್ಕ್ಯಾನರ್ ಹಚ್ಚಿದರೆ ಹೊಸದು ಬಂದ ಕೂಡಲೇ ಎಲ್ಲರಿಗೂ ಅದೇ.

ಅರ್ಜಿ ದಿನದ ಶುಲ್ಕ ಅಂತ ತೀರ್ಮಾನವಾದರೆ, ಪ್ರೊಸೆಸ್ ಶುರುವಾಗುವಾಗಲೇ ರೂಲ್ಸ್ ಆವೃತ್ತಿಯನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಟ್ಟುಕೊಂಡು ಪ್ರತಿ ಕರೆಯಲ್ಲೂ ಅದನ್ನೇ ಕಳಿಸಿ. ಹಾಗಂತ ಹಳೇ ಆವೃತ್ತಿಯನ್ನು ಸರ್ವರ್‌ನಿಂದ ಕಿತ್ತು ಹಾಕಬೇಡಿ, ಕೊನೆಯ ಮಾರ್ಚ್ ಅರ್ಜಿ ಮುಗಿಯುವ ತನಕ ಅದು ಅಲ್ಲೇ ಇರಲಿ. ಎರಡರಲ್ಲಿ ಯಾವುದೇ ಆಗಲಿ, ಪ್ರತಿ ನಿರ್ಣಯಕ್ಕೂ ಕಳಿಸಿದ್ದೇನು, ಬಂದಿದ್ದೇನು, ಯಾವ ಆವೃತ್ತಿ ಅಂತ ಅರ್ಜಿ ಸಂಖ್ಯೆಯ ಜೊತೆ ಬರೆದಿಡಿ. ಆ ಬೆಳಗಿನ ಜಾವದ ಅರ್ಜಿಗಳನ್ನು ಈಗ ಹುಡುಕಿ ತೆಗೆಯೋದಕ್ಕೂ ಅದೇ ಬೇಕು. ಇಲ್ಲದಿದ್ದರೆ 12ರಿಂದ 5:30ರ ನಡುವೆ ಬಂದ ಎಲ್ಲವನ್ನೂ ಸರ್ವರ್ ಲಾಗ್‌ನಿಂದ ಹೆಕ್ಕಿ, ಹೊಸ ರೂಲ್‌ಗೆ ಮತ್ತೆ ಹಾಕಿ, ವ್ಯತ್ಯಾಸದ ಪಟ್ಟಿಯನ್ನು ಅಕೌಂಟ್ಸ್‌ನವರಿಗೆ ಕೊಡಿ. ಗ್ರಾಹಕರಿಂದ ವಸೂಲಿ ಮಾಡೋದೋ ಬಿಡೋದೋ ಅವರು ನೋಡಿಕೊಳ್ಳಲಿ.