ಪೇಷೆಂಟ್ ಮನೆಯಲ್ಲಿ ನಾವೇ ಜಾರಿ ಬಿದ್ದರೆ?

ಹೋಮ್ ನರ್ಸಿಂಗ್ ಕೆಲಸಕ್ಕೆ ಸೇರಬೇಕು ಅಂತಿದ್ದೀರಿ. ಬೀಳುವ ಅಪಾಯ ನಿಜವಾ, ಬಿದ್ದರೆ ಖರ್ಚು ಯಾರದು ಅಂತ ಕೇಳಿದ್ದೀರಿ. ನಾನು ಬೆಂಗಳೂರಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಭಯ ಸುಮ್ನೆ ಅಲ್ಲ.

ಮೊದಲನೇ ತೊಂದರೆ ಚಪ್ಪಲಿಯದು. ಮನೆಗಳಲ್ಲಿ ಅದನ್ನು ಬಾಗಿಲ ಹೊರಗೇ ಬಿಡಬೇಕು, ಸರಿ. ಆಮೇಲೆ ಬರಿಗಾಲು, ಇಲ್ಲಾಂದ್ರೆ ಬಾತ್‌ರೂಮಲ್ಲಿರುವ ತಳ ಸವೆದ ಹವಾಯಿ. ಕೆಳಗೆ ಹೊಳೆಯುವ ಟೈಲ್ಸ್. ಮನೆಯೊಳಗೆ ಹಾಕಲೆಂದೇ ರಬ್ಬರ್ ತಳದ, ಹಿಂದೆ ಪಟ್ಟಿ ಇರುವ ಒಂದು ಜೊತೆ ಬ್ಯಾಗಲ್ಲಿಟ್ಟುಕೊಳ್ಳಿ. "ಇದು ಹೊರಗೆ ಹಾಕಿದ್ದಲ್ಲ ಆಂಟಿ" ಅಂತ ಮೊದಲ ದಿನವೇ ತೋರಿಸಿಬಿಡಿ.

ನೀರು ಕಣ್ಣಿಗೆ ಕಾಣುತ್ತದೆ, ಪೌಡರ್ ಕಾಣಲ್ಲ. ಅಜ್ಜಿಗೆ ಮೈ ಒರೆಸಿ ಬೆನ್ನಿಗೆ ಪೌಡರ್ ಹಾಕುತ್ತೇವಲ್ಲ, ಅದು ಮಂಚದ ಪಕ್ಕದಲ್ಲೇ ಉದುರುತ್ತದೆ. ಅಲ್ಲೇ ನಿಂತು ಅವರನ್ನು ಎಬ್ಬಿಸಿ ಕೂರಿಸಬೇಕು! ಮೊದಲು ನೆಲ ಒರೆಸಿ, ಒಣಗಲಿ, ಆಮೇಲೆ ಎಬ್ಬಿಸಿ.

ಇದಕ್ಕಿಂತ ಕೆಟ್ಟದ್ದು ಪೇಷೆಂಟ್ ಬೀಳುವಾಗ ತಡೆಯಲು ಹೋಗುವುದು. ಅವರು ಗಾಬರಿಯಲ್ಲಿ ನಮ್ಮ ಕುತ್ತಿಗೆ ಹಿಡಿಯುತ್ತಾರೆ, ಇಬ್ಬರೂ ಒಟ್ಟಿಗೆ ನೆಲಕ್ಕೆ. ನಡೆಸುವಾಗ ಅವರ ಬಲ ಕಮ್ಮಿ ಇರುವ ಪಕ್ಕದಲ್ಲಿ, ಸ್ವಲ್ಪ ಹಿಂದೆ ಇರಿ. ಕಾಲು ಕುಸಿದರೆ ಎತ್ತಿ ಹಿಡಿಯಲು ನೋಡಬೇಡಿ. ಒಂದು ಕಾಲು ಮುಂದಿಟ್ಟು, ಅವರ ಮೈ ನಿಮಗೆ ಒರಗಿಸಿಕೊಂಡು, ತೊಡೆ ಮೇಲಿಂದ ಮೆಲ್ಲಗೆ ಕೆಳಗಿಳಿಸಿ. ತಲೆಗೆ ಪೆಟ್ಟಾಗದಂತೆ ನೋಡಿಕೊಂಡರೆ ಸಾಕು. ಆಮೇಲೆ ಒಬ್ಬರೇ ಎತ್ತಬೇಡಿ, ಮನೆಯವರನ್ನು ಕೂಗಿ. "ನಿಮಗೆ ಶಕ್ತಿ ಇಲ್ವಾ" ಅನ್ನುವವರೂ ಇರುತ್ತಾರೆ, ಅನ್ನಲಿ ಬಿಡಿ.

ಇನ್ನು ಖರ್ಚು. ಏಜೆನ್ಸಿಯಲ್ಲಿ 10 ಅಥವಾ ಜಾಸ್ತಿ ಜನ ಕೆಲಸಕ್ಕಿದ್ದು, ನಿಮ್ಮ ಸಂಬಳ ತಿಂಗಳಿಗೆ 21,000 ರೂಪಾಯಿ ದಾಟದಿದ್ದರೆ ಇಎಸ್‌ಐ, ಅಂದ್ರೆ ಕೆಲಸಗಾರರ ಚಿಕಿತ್ಸೆಗೂ ಸಂಬಳ ನಷ್ಟಕ್ಕೂ ಇರುವ ಸರ್ಕಾರಿ ವಿಮೆ, ಸಿಗಬೇಕು. ಡ್ಯೂಟಿಯಲ್ಲಿ ಬಿದ್ದು ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಬಳದ ಸುಮಾರು ಶೇ. 90ರಷ್ಟು ಅಲ್ಲಿಂದ ಬರುತ್ತದೆ. ಇಷ್ಟು ತಿಂಗಳು ಕಂತು ಕಟ್ಟಿರಬೇಕು ಅನ್ನುವ ಷರತ್ತೂ ಇದಕ್ಕಿಲ್ಲ. ಆದರೆ "ನಾವು ಬರೀ ಕೆಲಸ ಕೊಡಿಸೋರು, ನೀವು ನಮ್ಮ ಸ್ಟಾಫ್ ಅಲ್ಲ" ಅನ್ನುವ ಏಜೆನ್ಸಿಗಳಿವೆ. ಅದಕ್ಕೇ ಸೇರುವ ಮುಂಚೆ ಇಎಸ್‌ಐ ನಂಬರ್ ಕೊಡುತ್ತೀರಾ ಅಂತ ಬಾಯಿಬಿಟ್ಟು ಕೇಳಿ.

ಅಕಸ್ಮಾತ್ ಬಿದ್ದರೆ, ಆಸ್ಪತ್ರೆಯಲ್ಲಿ ಬರೀ "ಮನೆಯಲ್ಲಿ ಬಿದ್ದೆ" ಅನ್ನಬೇಡಿ. ನಿಮ್ಮ ಸ್ವಂತ ಮನೆ ಅಂದುಕೊಂಡು ಹಾಗೇ ಬರೆಯುತ್ತಾರೆ. ಪೇಷೆಂಟ್ ಮನೆಯಲ್ಲಿ, ಡ್ಯೂಟಿ ಟೈಮಲ್ಲಿ ಅಂತ ಚೀಟಿಯಲ್ಲಿ ಬರೆಸಿ. ಏಜೆನ್ಸಿಗೂ ಅವತ್ತೇ ವಾಟ್ಸಾಪ್ ಮಾಡಿ. ಬರೀ ಫೋನಲ್ಲಿ ಹೇಳಿದರೆ ಆಮೇಲೆ ಸಾಕ್ಷಿ ಇರಲ್ಲ.