ಕಬಡ್ಡಿ ಆಡುವಾಗ ಬಿದ್ದು ಮಗನ ಮಂಡಿ ಊದಿದೆ, ಬಿಸಿ ಎಣ್ಣೆ ಹಚ್ಚಿ ಉಜ್ಜಬಹುದಾ?

ಇವತ್ತು ಬೇಡ, ನಾಳೆಯೂ ಬೇಡ. ಸಂಜೆ ಬಿದ್ದ, ಮಂಡಿ ತರಚಿದೆ, ಸ್ವಲ್ಪ ಊದಿದೆ, ಅಜ್ಜಿ ಎಣ್ಣೆ ಕಾಯಿಸ್ತಿದ್ದಾರೆ ಅಂತ ಬರೆದಿದ್ದೀರಿ. ಅಜ್ಜಿಗೆ ಬೇಜಾರಾಗದ ಹಾಗೆ ಒಲೆ ಆರಿಸಿ. ಒಳಗೆ ಸಣ್ಣ ರಕ್ತನಾಳಗಳು ಹರಿದು ರಕ್ತ ಜಿನುಗುತ್ತಿರುತ್ತದೆ. ಬಿಸಿ ತಾಗಿದರೆ, ಉಜ್ಜಿದರೆ ಊತ ಜಾಸ್ತಿಯಾಗುತ್ತದೆ. ಎರಡು ಮೂರು ದಿನ ಅದರ ತಂಟೆಗೇ ಹೋಗಬೇಡಿ.

ನಾನು ಹೈಸ್ಕೂಲಿನ ಪಿಟಿ ಮೇಷ್ಟ್ರು. ಮಣ್ಣಿನ ಅಂಕಣದಲ್ಲಿ ಆಡುವ ಮಕ್ಕಳ ಮಂಡಿ ತೊಳೆಯುವುದೂ ನನ್ನ ಕೆಲಸವೇ.

ಮೊದಲು ತರಚಿದ ಗಾಯ ನೋಡಿ. ನಲ್ಲಿ ನೀರು ಐದು ನಿಮಿಷ ಅದರ ಮೇಲೆ ಹರಿಯಲಿ. ಕೆಂಪು ಮಣ್ಣು, ಸಣ್ಣ ಹರಳು ಚರ್ಮದಲ್ಲಿ ಸಿಕ್ಕಿಕೊಂಡಿರುತ್ತವೆ. ಒದ್ದೆ ಬಟ್ಟೆಯಿಂದ ಮೆತ್ತಗೆ ಒರೆಸಿ ತೆಗೆಯಿರಿ, ಹುಡುಗ ಕೂಗಾಡಿದರೂ ಸರಿ. ಕಾಫಿ ಪುಡಿ, ಸುಣ್ಣ ಏನೂ ಮೆತ್ತಬೇಡಿ. ಮಣ್ಣು ಹೊಕ್ಕ ಗಾಯ ಅಲ್ವಾ, ಕೊನೆಯ ಟಿಟಿ ಇಂಜೆಕ್ಷನ್ ಹಾಕಿಸಿ 5 ವರ್ಷ ದಾಟಿದ್ದರೆ ಡಾಕ್ಟರನ್ನು ಕೇಳಿ.

ಆಮೇಲೆ ಐಸ್. ತೆಳು ಟವೆಲ್‌ನಲ್ಲಿ ಸುತ್ತಿ 15-20 ನಿಮಿಷ ಇಡಿ, ಎರಡು ಮೂರು ಗಂಟೆ ಬಿಟ್ಟು ಮತ್ತೆ. ನೇರ ಚರ್ಮಕ್ಕೆ ತಾಗಿಸಬೇಡಿ. ಐಸ್‌ನಿಂದ ನೋವು ಕಮ್ಮಿಯಾಗುತ್ತದೆ ನಿಜ, ಆದರೆ ಗಾಯ ಬೇಗ ವಾಸಿಯಾಗುತ್ತೆ ಅಂದ್ಕೋಬೇಡಿ. ವಿಶ್ರಾಂತಿ, ಐಸ್, ಪಟ್ಟಿ, ಕಾಲೆತ್ತಿ ಇಡುವುದು ಎನ್ನುವ ಸೂತ್ರವನ್ನು 1978ರಲ್ಲಿ ಬರೆದ ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್ ಅವರೇ, ಐಸ್‌ನಿಂದ ವಾಸಿಯಾಗೋದು ತಡವಾಗಬಹುದು ಅಂತ ಮುಂದೆ ಹೇಳಿದರು. ಮೊದಲ ದಿನ ನೋವಿಗೆ ಅಂತ ಇಟ್ಟರೆ ಸಾಕು.

ಕ್ರೇಪ್ ಬ್ಯಾಂಡೇಜನ್ನು ಮೀನಖಂಡದಿಂದ ಶುರುಮಾಡಿ ಮೇಲಕ್ಕೆ ಸುತ್ತಿ. ಬೆರಳು ತಣ್ಣಗಾದರೆ, ಜೋಮು ಹಿಡಿದರೆ ಬಿಚ್ಚಿ ಸಡಿಲ ಮಾಡಿ.

ಈಗ ಮುಖ್ಯ ವಿಷಯ: ಯಾವಾಗ ಊದಿತು? ಬಿದ್ದ ಒಂದೆರಡು ಗಂಟೆಯೊಳಗೇ ಮಂಡಿ ಉಬ್ಬಿ ಬಿಗಿಯಾಗಿದ್ದರೆ ಒಳಗೆ ರಕ್ತ ತುಂಬಿರುವ ಸಾಧ್ಯತೆ ಜಾಸ್ತಿ. ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಹರಿದಿರಬಹುದು, ಮೂಳೆ ಬಿರುಕು ಬಿಟ್ಟಿರಬಹುದು. ರಾತ್ರಿ ಕಳೆಯುವಷ್ಟರಲ್ಲಿ ನಿಧಾನಕ್ಕೆ ಊದಿದ್ದಾದರೆ ಅಷ್ಟು ಗಾಬರಿ ಬೇಡ. ಹುಡುಗನನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿ. ಆಗದಿದ್ದರೆ, ಕುರ್ಚಿಯಲ್ಲಿ ಕೂತಷ್ಟು ಕಾಲು ಮಡಚದಿದ್ದರೆ, ಚಿಪ್ಪು ಮುಟ್ಟಿದರೆ ಜೀವ ಹೋಗುವ ಹಾಗೆ ನೋವಿದ್ದರೆ, ಬೀಳುವಾಗ ‘ಟಕ್’ ಅಂದಿದ್ದರೆ ಮನೆಮದ್ದು ಬಿಟ್ಟು ಇವತ್ತೇ ಮೂಳೆ ಡಾಕ್ಟರ ಹತ್ತಿರ ಹೋಗಿ.

ಇದ್ಯಾವುದೂ ಇಲ್ಲವಾದರೆ ಎರಡನೇ ದಿನದಿಂದ ನೋವು ತಡೆಯುವಷ್ಟು ಕಾಲು ಮಡಚಿ ಚಾಚಲಿ, ಮನೆಯೊಳಗೆ ಓಡಾಡಲಿ. ಸುಮ್ನೆ ಮಲಗಿಸಿಟ್ಟರೆ ತೊಡೆ ಸೊರಗುತ್ತದೆ. ಆ ಕಾಲೊಂದರಲ್ಲೇ ನೋವಿಲ್ಲದೆ ಕುಪ್ಪಳಿಸುವವರೆಗೆ ರೈಡಿಗೆ ಬಿಡಬೇಡಿ.