ಆರ್ಗ್ಯುಮೆಂಟೇಶನ್ ಲಾಜಿಕ್ ಸರ್ವರ್ ನೋಡಿಕೊಳ್ಳುವವರ ಕೆಲಸಕ್ಕೆ ಬರುತ್ತದಾ?

ನಿಮ್ಮ ಆಫೀಸಿಗೆ ನೀವೊಬ್ಬರೇ ಅಡ್ಮಿನ್, ಫೈರ್‌ವಾಲ್‌ನಲ್ಲಿ (ನೆಟ್‌ವರ್ಕ್‌ನಲ್ಲಿ ಏನನ್ನು ಬಿಡಬೇಕು, ಏನನ್ನು ತಡೆಯಬೇಕು ಅಂತ ನೋಡುವ ಕಾವಲು) 400 ರೂಲ್ ಇವೆ, ದಿನಾ ಬರುವ ಅಲರ್ಟ್‌ಗಳಲ್ಲಿ ಯಾವುದನ್ನು ನಂಬಬೇಕು ಅಂತ ಗೊತ್ತಾಗುತ್ತಿಲ್ಲ ಎಂದು ಬರೆದಿದ್ದೀರಿ. ಯಾರೋ ಆರ್ಗ್ಯುಮೆಂಟೇಶನ್ ಲಾಜಿಕ್, ಅಂದರೆ ವಾದಕ್ಕೆ ಎದುರು ವಾದ ಇಟ್ಟು ತೀರ್ಮಾನಕ್ಕೆ ಬರುವ ತರ್ಕ, ನೋಡಿ ಅಂದರಂತೆ. ಅದು ಬರೀ ಕಾಲೇಜು ಸಂಶೋಧನೆಯಾ, ಕೆಲಸಕ್ಕೂ ಬರುತ್ತದಾ ಅನ್ನೋದು ನಿಮ್ಮ ಪ್ರಶ್ನೆ.

ಬರುತ್ತದೆ. ನನಗೆ ಇದು ಅರ್ಥವಾದದ್ದು ಪುಸ್ತಕದಿಂದಲ್ಲ, ಒಂದು ತಪ್ಪಿನಿಂದ. ಅದನ್ನೇ ಮೊದಲು ಹೇಳುತ್ತೇನೆ.

ಒಂದು ರಾತ್ರಿ 1:40ಕ್ಕೆ ಅಲರ್ಟ್ ಬಂತು. ಅಕೌಂಟ್ಸ್‌ನ ಒಬ್ಬರ ಐಡಿಯಿಂದ ಫೈಲ್ ಸರ್ವರ್‌ಗೆ ಯಾರೋ ಲಾಗಿನ್ ಆಗಿದ್ದರು. ನನ್ನ ಮೊದಲ ವಾದ: ಪಾಸ್‌ವರ್ಡ್ ಕಳುವಾಗಿದೆ, ಐಡಿ ಬ್ಲಾಕ್ ಮಾಡಬೇಕು. ಅದಕ್ಕೆ ಎದುರು ಎರಡನೇ ವಾದ: ತಿಂಗಳ ಕೊನೆ, ಅವರೇ ಮನೆಯಿಂದ ವಿಪಿಎನ್ (ಹೊರಗಿನಿಂದ ಆಫೀಸ್ ನೆಟ್‌ವರ್ಕ್‌ಗೆ ಸೇರುವ ಸುರಕ್ಷಿತ ದಾರಿ) ಹಾಕಿಕೊಂಡು ಕೆಲಸ ಮಾಡುತ್ತಿರಬಹುದು. ವಿಪಿಎನ್ ಲಾಗ್ (ಯಾರು ಯಾವಾಗ ಬಂದರು ಅನ್ನುವ ದಾಖಲೆ) ತೆಗೆದು ನೋಡಿದೆ. 1:40ರ ಆಸುಪಾಸಿನಲ್ಲಿ ಅವರ ಹೆಸರೇ ಇಲ್ಲ. ಇದು ಮೂರನೇ ವಾದ, ಎರಡನೆಯದನ್ನು ಬೀಳಿಸಿತು. ಎರಡನೆಯದು ಬಿದ್ದ ಮೇಲೆ ಮೊದಲನೆಯದು ಮತ್ತೆ ಎದ್ದು ನಿಂತಿತು. ಬ್ಲಾಕ್ ಮಾಡಿ ಮಲಗಿದೆ.

ಬೆಳಿಗ್ಗೆ ಗೊತ್ತಾಯಿತು, ಆ ವಿಪಿಎನ್ ಪೆಟ್ಟಿಗೆ ಲಾಗ್ ಬರೆಯುತ್ತಿದ್ದದ್ದು ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದಲ್ಲಿ. ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ನಾನು ಹುಡುಕಬೇಕಿದ್ದದ್ದು ಹಿಂದಿನ ದಿನದ 20:10ರಲ್ಲಿ. ಅವರ ಹೆಸರು ಅಲ್ಲೇ ಇತ್ತು. ಪಾಪ, ಅವರು ರಾತ್ರಿಯೆಲ್ಲಾ ಕೂತು ಮಾಡುತ್ತಿದ್ದ ಕೆಲಸ ನನ್ನಿಂದ ನಿಂತುಹೋಗಿತ್ತು. ಈ ನಾಲ್ಕನೇ ವಾದ ಮೂರನೆಯದನ್ನು ಬೀಳಿಸಿತು, ಎರಡನೆಯದು ಎದ್ದಿತು, ಮೊದಲನೆಯದು ಮತ್ತೆ ಬಿತ್ತು.

ಆರ್ಗ್ಯುಮೆಂಟೇಶನ್ ಲಾಜಿಕ್‌ನ ತಿರುಳು ಇದೇ. ಫಾನ್ ಮಿನ್ ಡುಂಗ್ ಎಂಬುವರು 1995ರಲ್ಲಿ ಇದಕ್ಕೊಂದು ಸರಳ ಚೌಕಟ್ಟು ಕೊಟ್ಟರು. ವಾದದ ಒಳಗೆ ಏನಿದೆ ಅಂತ ನೋಡಬೇಡಿ, ಯಾವ ವಾದ ಯಾವುದರ ಮೇಲೆ ಬೀಳುತ್ತದೆ ಅನ್ನೋದನ್ನು ಮಾತ್ರ ಬಾಣದ ಗುರುತು ಹಾಕಿ ಬರೆಯಿರಿ. ಯಾರೂ ಎದುರಿಸದ ವಾದ ನಿಲ್ಲುತ್ತದೆ. ಅದು ಹೊಡೆದದ್ದು ಬೀಳುತ್ತದೆ. ಎದುರಾಳಿಗಳೆಲ್ಲ ಬಿದ್ದರೆ ಉಳಿದದ್ದು ನಿಲ್ಲುತ್ತದೆ. ಇಲ್ಲಿ ತಲೆ ಎಣಿಕೆ ಇಲ್ಲ. ಹತ್ತು ವಾದ ಒಂದು ಕಡೆ ಇದ್ದರೂ, ಎಲ್ಲವೂ ಅದೇ ತಪ್ಪು ಗಡಿಯಾರವನ್ನು ನಂಬಿದ್ದರೆ ಒಂದೇ ಏಟಿಗೆ ಹತ್ತೂ ಹೋಗುತ್ತವೆ. ಶಾಲೆಯಲ್ಲಿ ಕಲಿತ ತರ್ಕದಲ್ಲಿ ಒಮ್ಮೆ ಸಾಬೀತಾದದ್ದು ಸಾಬೀತೇ. ಇಲ್ಲಿ ಹೊಸ ಮಾಹಿತಿ ಬಂದರೆ ತೀರ್ಮಾನ ಬದಲಾಗಬಹುದು. ನಮ್ಮ ಕೆಲಸವೂ ಹಾಗೇ ಅಲ್ವಾ?

ಒಂದು ಎಚ್ಚರ. "ಲಾಗ್‌ನಲ್ಲಿ ಇಲ್ಲ, ಆದ್ದರಿಂದ ನಡೆದಿಲ್ಲ" ಅನ್ನುವ ವಾದವನ್ನು ಯಾವತ್ತೂ ಎದುರಿಲ್ಲದೆ ಬಿಡಬೇಡಿ. ಗಡಿಯಾರ ತಪ್ಪಿರಬಹುದು, ಡಿಸ್ಕ್ ತುಂಬಿ ಬರೆಯೋದು ನಿಂತಿರಬಹುದು, ಒಳಗೆ ನುಗ್ಗಿದವರೇ ಅಳಿಸಿರಬಹುದು. ಲಾಗ್‌ನ ಒಂದು ಪ್ರತಿ ಬೇರೆ ಮೆಷಿನ್‌ಗೆ ಹೋಗುತ್ತಿದ್ದರೆ ಕೊನೆಯ ಆಕ್ಷೇಪಕ್ಕೆ ಉತ್ತರ ಸಿಗುತ್ತದೆ. ಇಲ್ಲದಿದ್ದರೆ ಇಲ್ಲ.

ಕೆಲವು ಸಲ ಎರಡು ವಾದ ಒಂದನ್ನೊಂದು ಹೊಡೆದುಕೊಂಡು ಅಲ್ಲೇ ಸಿಕ್ಕಿಕೊಳ್ಳುತ್ತವೆ. "ಪ್ಯಾಚ್ ಇವತ್ತೇ ಹಾಕಬೇಕು, ಸಾಫ್ಟ್‌ವೇರ್‌ನ ತೂತು ದೊಡ್ಡದು." "ಇವತ್ತು ಸರ್ವರ್ ಇಳಿಸುವಂತಿಲ್ಲ, ಸಂಬಳ ಹಾಕುವ ದಿನ." ಈ ತರ್ಕದ ಎಚ್ಚರಿಕೆಯ ಲೆಕ್ಕ (ಖಚಿತವಾಗಿ ನಿಲ್ಲುವ ವಾದವನ್ನು ಮಾತ್ರ ಒಪ್ಪುವುದು) ಇಲ್ಲಿ ತೀರ್ಪು ಕೊಡುವುದಿಲ್ಲ, ಎರಡನ್ನೂ ಬಾಕಿ ಇಡುತ್ತದೆ. ನನಗೆ ಇದು ಇಷ್ಟ. ಯಾವುದು ಮೇಲು ಅನ್ನುವ ಆಯ್ಕೆ ಮ್ಯಾನೇಜರ್ ಮಾಡಬೇಕಾದದ್ದು ಅಂತ ಎಲ್ಲರಿಗೂ ಕಾಣುತ್ತದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಹರಡಿದಾಗ, ಅದು ಬಳಸಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪ್ಯಾಚ್ ಬಿಟ್ಟಿತ್ತು. ಹಾಗಾಗಿ ಮುಂದಕ್ಕೆ ಹಾಕಿದ ತೀರ್ಮಾನಕ್ಕೂ ಒಂದು ಕಾರಣ, ಒಂದು ಹೆಸರು, ಒಂದು ತಾರೀಖು ಬರೆದಿರಬೇಕು.

ಇನ್ನು ನಿಮ್ಮ 400 ರೂಲ್. ಈ ತರ್ಕವನ್ನು ಫೈರ್‌ವಾಲ್‌ಗೆ ಹಚ್ಚುವ ಕೆಲಸ 2006ರಲ್ಲೇ ಆಗಿದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಸೈಪ್ರಸ್‌ನ ಆಂಟೊನಿಸ್ ಕಾಕಸ್ ಜೊತೆ ಸೇರಿ ಮಾಡಿದ್ದು. ಪ್ರತಿ ರೂಲನ್ನೂ ಒಂದು ವಾದ ಅಂದುಕೊಳ್ಳಿ. ಮೂರನೇ ರೂಲ್ 10.20.0.0/16ರಿಂದ (10.20ರಿಂದ ಶುರುವಾಗುವ ಎಲ್ಲ ವಿಳಾಸಗಳು) ಪೋರ್ಟ್ 445ಕ್ಕೆ (ಫೈಲ್ ಹಂಚಿಕೆಯ ಬಾಗಿಲು) ಬರುವುದನ್ನೆಲ್ಲ ತಡೆಯುತ್ತದೆ. 41ನೇ ರೂಲ್ ಅದರೊಳಗಿನದೇ ಒಂದು ತುಂಡಾದ 10.20.5.0/24ಕ್ಕೆ ಅದೇ ಪೋರ್ಟ್ ಬಿಡುತ್ತದೆ. ಮೇಲಿನಿಂದ ಓದುತ್ತಾ ಮೊದಲು ಹೊಂದಿದ್ದಕ್ಕೇ ನಿಲ್ಲುವ ಫೈರ್‌ವಾಲ್‌ನಲ್ಲಿ 41ಕ್ಕೆ ಸರದಿ ಬರುವುದೇ ಇಲ್ಲ. ಎರಡೂ ಪರಸ್ಪರ ಎದುರು, ಮೇಲಿನದಕ್ಕೆ ಮೊದಲ ಮಾನ್ಯತೆ ಅಂತ ಬರೆದರೆ, ಯಾವ ರೂಲ್ ಸತ್ತಿದೆ, ಯಾವುದರಿಂದ ಸತ್ತಿದೆ ಅಂತ ಪ್ರೋಗ್ರಾಂ ಕಾರಣ ಸಮೇತ ಹೇಳುತ್ತದೆ. ಇಂಥ ಲೆಕ್ಕ ಮಾಡುವ ಗಾರ್ಜಿಯಾಸ್ ಎಂಬ ಸಾಧನ ಪ್ರೊಲಾಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ಓಡುತ್ತದೆ. ಪ್ರೊಲಾಗ್ ಬರದಿದ್ದರೆ ಅದರ ಹಿಂದೆ ಈಗಲೇ ಬೀಳಬೇಡಿ.

ಮೊದಲು ಎಕ್ಸೆಲ್ ಸಾಕು. ರೂಲ್ ನಂಬರ್, ಯಾಕೆ ಇದೆ, ಯಾರು ಕೇಳಿದರು, ಏನಾದರೆ ಇದನ್ನು ತೆಗೆಯಬಹುದು. ಈ ಕೊನೆಯ ಕಾಲಂ ತುಂಬಲು ಜಾಸ್ತಿ ಹೊತ್ತು ಹಿಡಿಯುತ್ತದೆ, ಆದರೂ ಬಿಡಬೇಡಿ. ಕಾರಣವೇ ಗೊತ್ತಿಲ್ಲದ ರೂಲ್ ಸಿಕ್ಕಾಗ "ತಿಂಗಳಿಂದ ಒಂದು ಪ್ಯಾಕೆಟ್ಟೂ ಹೋಗಿಲ್ಲ, ತೆಗೆಯೋಣ" ಅನ್ನಿಸುತ್ತದೆ. ತಕ್ಷಣ ಎದುರು ವಾದ ಬರೆಯಿರಿ: ಟಿಡಿಎಸ್ ರಿಟರ್ನ್ ಮೂರು ತಿಂಗಳಿಗೊಮ್ಮೆ, ಆ ದಿನಕ್ಕಷ್ಟೇ ಬೇಕಾದ ರೂಲ್ ಇದಾಗಿರಬಹುದು. ಹಾಗಾಗಿ ನಾನು ಆ ರೂಲ್‌ನ ಕೌಂಟರ್ (ಎಷ್ಟು ಪ್ಯಾಕೆಟ್ ಹೋಯಿತು ಅನ್ನುವ ಎಣಿಕೆ) ಸೊನ್ನೆ ಮಾಡಿ, ಒಂದು ರಿಟರ್ನ್ ದಿನ ಕಳೆಯುವವರೆಗೆ ಕಾಯುತ್ತೇನೆ. ಆಮೇಲೂ ಸೊನ್ನೆಯೇ ಇದ್ದರೆ ರೂಲನ್ನು ಡಿಸೇಬಲ್ ಮಾಡಿ, ಇನ್ನೊಂದು ರಿಟರ್ನ್ ದಿನ ದಾಟಿದ ಮೇಲೆ ಅಳಿಸುತ್ತೇನೆ.